ಇರುವ ಗಿಟಾರಲ್ಲೇ ಇನ್ನೊಂದು ಗಿಟಾರಿನ ದನಿ

ನಮ್ಮ ತಳಿ, ಡೆಂಕಣಿಕೋಟೆ ಕಡೆ ಜಾತ್ರೆ ಅಂದರೆ ರಾತ್ರಿ ಒಂದು ಆರ್ಕೆಸ್ಟ್ರಾ ಇರಬೇಕು. ತಮಿಳು ಹಾಡು ನಾಲ್ಕು, ಕನ್ನಡ ಹಾಡು ನಾಲ್ಕು, ನಡುವೆ ತೆಲುಗು ಎರಡು. ಶಾಲೆಯ ಕಾಂಪೌಂಡಿನ ಆಚೆ ಇಲ್ಲಿ ಕನ್ನಡ ಮೈಕಿನಲ್ಲಿ ಕೇಳುವ ಜಾಗಗಳು ಕಡಿಮೆ, ಹಾಗಾಗಿ ಈ ತಂಡಗಳ ಮೇಲೆ ನನಗೆ ಅಕ್ಕರೆ ಜಾಸ್ತಿ. ನುಡಿಸುವವರಲ್ಲಿ ಎಷ್ಟೋ ಜನ ನಮ್ಮ ಕನ್ನಡ ಮಾಧ್ಯಮದಲ್ಲೇ ಓದಿದ ಹುಡುಗರು. ವಾರವೆಲ್ಲ ಹೊಸೂರಿನ ಸಿಪ್ಕಾಟ್ ಫ್ಯಾಕ್ಟರಿಯಲ್ಲಿ ಶಿಫ್ಟು, ಜಾತ್ರೆ ಕಾಲಕ್ಕೆ ಕೀಬೋರ್ಡು, ಪ್ಯಾಡು, ಗಿಟಾರು.

ಇವರ ನಡುವೆ ಈಗ ಒಂದು ಗೀಳು ಹತ್ತಿದೆ. ಒಂದು ಬೇಸ್ ಗಿಟಾರು ಸಾಲದು, ಎರಡು ಬೇಕು ಅಂತ. ಹಳೇ ಹಾಡುಗಳಿಗೆ ಒಂದು ಬಗೆಯ ಗಿಟಾರು, ಹೊಸ ಹಾಡುಗಳಿಗೆ ಇನ್ನೊಂದು ಬಗೆಯದು. "ಸಾರ್, ಆ ಗಿಟಾರಿನ ಸೌಂಡೇ ಬೇರೆ ಸಾರ್, ನಮ್ಮದ್ರಲ್ಲಿ ಅದು ಬರಲ್ಲ" ಅನ್ನುತ್ತಾರೆ. ಅದಕ್ಕಾಗಿ ಅಮ್ಮನ ಓಲೆ ಅಡವಿಡುವ ಮಾತು ಕೂಡ ಒಂದು ಮನೆಯಲ್ಲಿ ಬಂತು. ಈ ಬರಹ ಆ ಓಲೆಯ ಸಲುವಾಗಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನೇ ಗಿಟಾರು ಬೇಡ. ಇರುವ ಗಿಟಾರಲ್ಲೇ ಮುಕ್ಕಾಲು ಪಾಲು ಆ ದನಿ ಬರುತ್ತೆ, ಉಳಿದ ಕಾಲು ಪಾಲು ಜಾತ್ರೆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲ್ಲ.

ಹುಡುಗರು ಹೇಳುವ ಎರಡು ಬಗೆ ಯಾವುವು ಅಂತ ತಿಳಿಯದವರಿಗೆ ಎರಡು ಮಾತು. ಅಮೆರಿಕದ ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ಅಂತ ಒಂದು ಗಿಟಾರು ತಂತು, 1960ರಲ್ಲಿ ಜಾಝ್ ಬೇಸ್ ಅಂತ ಇನ್ನೊಂದು. ಇವತ್ತು ಅಂಗಡಿಗಳಲ್ಲಿ ಸಿಗುವ ಅಗ್ಗದ ಬೇಸ್ ಗಿಟಾರುಗಳಲ್ಲಿ ಬಹುಪಾಲು ಇವೆರಡರ ನಕಲೇ. ಎರಡರಲ್ಲೂ ನಾಲ್ಕು ತಂತಿ, ತಂತಿಯ ಉದ್ದ ಒಂದೇ, 34 ಇಂಚು. ಮುಖ್ಯ ವ್ಯತ್ಯಾಸ ಇರುವುದು ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನಲ್ಲಿ. ಪಿಕಪ್ ಅಂದರೆ ಆಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ. ಮೇಲೆ ಉಕ್ಕಿನ ತಂತಿ ಅಲುಗಾಡಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತೆ. ಡೈನಮೋ ಪಾಠದಲ್ಲಿ ಬರುವ ಫ್ಯಾರಡೆಯ ನಿಯಮವೇ. ಪ್ರಿಸಿಷನ್‌ನಲ್ಲಿ 1957ರಿಂದೀಚೆಗೆ ಎರಡು ತುಂಡಾದ ಒಂದು ಪಿಕಪ್ಪು, ತಂತಿಯ ನಡುಭಾಗದ ಕಡೆಗೆ. ಜಾಝ್‌ನಲ್ಲಿ ಎರಡು ಪಿಕಪ್ಪು, ಒಂದು ಸರಿಸುಮಾರು ಅದೇ ಜಾಗದಲ್ಲಿ, ಇನ್ನೊಂದು ಕುದುರೆಯ ಹತ್ತಿರ.

ಅಷ್ಟಕ್ಕೇ ದನಿ ಬೇರೆ ಆಗುತ್ತಾ? ಆಗುತ್ತೆ. ಮೀಟಿದ ತಂತಿ ಒಂದೇ ಆವೃತ್ತಿಯಲ್ಲಿ ಕಂಪಿಸಲ್ಲ. ಇಡೀ ತಂತಿ ಒಂದು ಸಲ ಆಡುವಾಗ ಅದರ ಅರ್ಧ ಎರಡು ಸಲ, ಮೂರನೇ ಒಂದು ಭಾಗ ಮೂರು ಸಲ, ಹೀಗೆ ಒಳಗೊಳಗೇ ಆಡುತ್ತಿರುತ್ತೆ. ಬೇಸ್ ಗಿಟಾರಿನ ದಪ್ಪ ತಂತಿಯ ಮೂಲ ಆವೃತ್ತಿ ಸುಮಾರು 41 ಹರ್ಟ್ಸ್. ಅದರ ಜೊತೆಗೇ 82, 123, 164 ಎಲ್ಲವೂ ಇರುತ್ತೆ. ಈ ಒಳದನಿಗಳಲ್ಲಿ ಯಾವುದು ಎಷ್ಟು ಅನ್ನುವುದರ ಮೇಲೆ ನಾದದ ಗುಣ ನಿಂತಿದೆ. ನಾಗಸ್ವರವೂ ಕೊಳಲೂ ಒಂದೇ ಸ್ವರ ನುಡಿಸಿದರೂ ಬೇರೆ ಬೇರೆ ಕೇಳುವುದಕ್ಕೆ ಇದು ದೊಡ್ಡ ಕಾರಣ. ಈಗ ತಂತಿಯ ಉದ್ದ ಸುಮಾರು 86 ಸೆಂಟಿಮೀಟರು ಅಂದುಕೊಳ್ಳಿ. ಕುದುರೆಯಿಂದ ನಾಲ್ಕನೇ ಒಂದು ಭಾಗ, ಅಂದರೆ ಇಪ್ಪತ್ತೊಂದೂವರೆ ಸೆಂಟಿಮೀಟರಿನ ಜಾಗದಲ್ಲಿ ನಾಲ್ಕನೇ ಒಳದನಿ ಅಲುಗಾಡುವುದೇ ಇಲ್ಲ, ಅದು ನಿಸ್ಪಂದ ಬಿಂದು. ಅಲ್ಲಿ ಪಿಕಪ್ ಇಟ್ಟರೆ ಆ ದನಿ ಅದಕ್ಕೆ ಕೇಳಿಸದು. ಅಲ್ಲೇ ಮೀಟಿದರೆ ಆ ದನಿ ಹುಟ್ಟುವುದೂ ಇಲ್ಲ. ಬೆರಳು ಒತ್ತಿ ಸ್ವರ ಬದಲಿಸಿದಾಗ ತಂತಿ ಗಿಡ್ಡವಾಗುತ್ತೆ, ನಿಸ್ಪಂದ ಬಿಂದುಗಳು ಸರಿಯುತ್ತವೆ, ಪಿಕಪ್ ಮಾತ್ರ ಇದ್ದಲ್ಲೇ ಇರುತ್ತೆ. ಅದಕ್ಕೇ ಈ ಲೆಕ್ಕ ಕಾಗದದ ಮೇಲೆ ಇದ್ದಷ್ಟು ಸಲೀಸಲ್ಲ.

ಅಂದ ಹಾಗೆ, ಈ ನಿಯಮ ನಮ್ಮ ವೀಣೆ, ತಂಬೂರಿಗೆ ಒಗ್ಗುವುದಿಲ್ಲ ಅಂತ ತೋರಿಸಿದವರು ಸಿ.ವಿ. ರಾಮನ್, 1921ರಲ್ಲಿ. ನಿಸ್ಪಂದ ಬಿಂದುವಿನಲ್ಲೇ ಮೀಟಿದರೂ ಇರಬಾರದ ಒಳದನಿ ಅವುಗಳಲ್ಲಿ ಕೇಳಿಸುತ್ತೆ. ಕಾರಣ ಅಗಲವಾದ, ಬಾಗಿದ ಕುದುರೆ. ತಂಬೂರಿಯಲ್ಲಾದರೆ ತಂತಿಯ ಕೆಳಗೆ ಸಿಕ್ಕಿಸುವ ಜೀವದ ದಾರವೂ ಸೇರುತ್ತೆ. ಒಂದು ನೂಲಿನೆಳೆ ಅತ್ತಿತ್ತ ಸರಿಸಿದರೆ ತಂಬೂರಿಗೆ ಜೀವ ಬರುತ್ತೆ ಅಥವಾ ಹೋಗುತ್ತೆ. ಒಂದು ಎಳೆ ನೂಲಿಗೆ ಇಷ್ಟು ಶಕ್ತಿ ಇದ್ದರೆ, ಗಿಟಾರಲ್ಲೂ ಸಣ್ಣ ಸಣ್ಣ ಕೆಲಸಗಳಿಗೆ ಎಷ್ಟಿರಬೇಡ?

ಈಗ ಕೆಲಸಕ್ಕೆ ಬರೋಣ. ಕೈಯಲ್ಲಿರುವುದು ಜಾಝ್ ಬಗೆಯದು, ಬೇಕಿರುವುದು ಪ್ರಿಸಿಷನ್‌ನ ದುಂಡಗಿನ ದನಿ. ಮೊದಲು ಕುದುರೆ ಬದಿಯ ಪಿಕಪ್ಪಿನ ವಾಲ್ಯೂಮ್ ಪೂರ್ತಿ ಇಳಿಸಿ. ಆ ಪಿಕಪ್ ಒಳದನಿಗಳನ್ನು ಹೆಚ್ಚು ಹಿಡಿದು ಮೂಗಿನಲ್ಲಿ ಮಾತಾಡಿದ ಹಾಗೆ ಕೇಳಿಸುತ್ತೆ. ಅದು ಸುಮ್ಮನಾದ ತಕ್ಷಣ ಅರ್ಧ ಕೆಲಸ ಆಯಿತು. ಆಮೇಲೆ ಟೋನ್ ತಿರುಪನ್ನು ಅರ್ಧದವರೆಗೆ ಹಿಂದಕ್ಕೆ. ನೆನಪಿಡಿ, ಸಾಮಾನ್ಯ ಗಿಟಾರಿನ ಟೋನ್ ತಿರುಪು ಮೇಲಿನ ಆವೃತ್ತಿಗಳನ್ನು ಕೆಪಾಸಿಟರ್ ಮೂಲಕ ಕಳೆಯುತ್ತೆ ಅಷ್ಟೆ, ಇಲ್ಲದ್ದನ್ನು ಸೇರಿಸಲ್ಲ.

ಇಲ್ಲಿ ಒಂದು ತೊಡಕಿದೆ, ನಮ್ಮ ಜಾತ್ರೆಗಳಲ್ಲಿ ಅದು ದೊಡ್ಡದೇ. ಜಾಝ್‌ನ ಎರಡೂ ಪಿಕಪ್ ಸಮ ವಾಲ್ಯೂಮಿನಲ್ಲಿ ಇದ್ದಾಗ ಒಂದು ಹಿಡಿದ ಕರೆಂಟಿನ ಗುಂಯ್ ಸದ್ದನ್ನು ಇನ್ನೊಂದು ಅಳಿಸುತ್ತೆ. ಒಂದನ್ನು ಮುಚ್ಚಿದಿರೋ, ಗುಂಯ್ ಎದ್ದು ಕೂರುತ್ತೆ. ಪ್ರಿಸಿಷನ್‌ನಲ್ಲಿ ಪಿಕಪ್ಪಿನ ಎರಡು ತುಂಡುಗಳೇ ಈ ಅಳಿಸುವ ಕೆಲಸ ಮಾಡುತ್ತವೆ. ಪಕ್ಕದಲ್ಲೇ ಜನರೇಟರು, ತಲೆ ಮೇಲೆ ಸೀರಿಯಲ್ ಸೆಟ್ಟು ಇರುವ ನಮ್ಮ ವೇದಿಕೆಯಲ್ಲಿ ಏನು ಮಾಡುವುದು? ಹಿಂದಿನ ಪಿಕಪ್ಪನ್ನು ಪೂರ್ತಿ ಮುಚ್ಚದೆ ಒಂದಿಷ್ಟು ಬಿಡಿ, ಗುಂಯ್ ತಗ್ಗುತ್ತೆ. ಇಲ್ಲವೇ ಎರಡೂ ಪಿಕಪ್ಪನ್ನು ಸರಣಿಯಲ್ಲಿ ಜೋಡಿಸಿ. ಮೂಲದಲ್ಲಿ ಅವು ಸಮಾಂತರವಾಗಿ ಇರುತ್ತವೆ. ಸರಣಿಯಾದರೆ ದನಿ ದಪ್ಪಗಾಗಿ ಪ್ರಿಸಿಷನ್ ಕಡೆಗೆ ವಾಲುತ್ತೆ, ಗುಂಯ್ ಕೂಡ ಅಳಿದೇ ಇರುತ್ತೆ. ಒಂದು ಸ್ವಿಚ್ಚು, ಒಂದಿಷ್ಟು ಬೆಸುಗೆ. ಮಿಕ್ಸಿ, ಟಿ.ವಿ. ರಿಪೇರಿ ಮಾಡುವವರ ಕೈಲಿ ಚಿತ್ರ ಬರೆದುಕೊಟ್ಟು ಮಾಡಿಸಬಹುದಾದ ಕೆಲಸ.

ಇದಕ್ಕಿಂತ ಮುಖ್ಯ ತಂತಿ. ಹುಡುಗರು ಇದನ್ನೇ ಮರೆಯುತ್ತಾರೆ. ಅಂಗಡಿಯಿಂದ ಬರುವಾಗ ಹಾಕಿರುವುದು ಸಾಮಾನ್ಯವಾಗಿ ದುಂಡು ತಂತಿ ಸುತ್ತಿದ್ದು, ಮುಟ್ಟಿದರೆ ಅರದ ಹಾಗೆ ತರಿತರಿ, ದನಿಯೂ ಹೊಳಪು. ಚಪ್ಪಟೆ ಪಟ್ಟಿ ಸುತ್ತಿದ ತಂತಿಗಳು ನುಣುಪು, ದನಿಯೂ ಮಂದ, ಹಳೇ ರೆಕಾರ್ಡುಗಳ ಹಾಗೆ. ಅಮೆರಿಕದ ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್‌ಗೆ ಚಪ್ಪಟೆ ತಂತಿ ಹಾಕಿ, ಕುದುರೆಯ ಬಳಿ ಸ್ಪಂಜು ಇಟ್ಟುಕೊಂಡು, ಒಂದೇ ತೋರುಬೆರಳಲ್ಲಿ ಮೀಟುತ್ತಿದ್ದರು. ಆ ದನಿಯ ಹಿಂದೆ ಲೋಕವೆಲ್ಲ ಬಿದ್ದಿದೆ. ಸ್ಪಂಜಿಗೆ ಎಷ್ಟು ಖರ್ಚು ಅಂತ ನೀವೇ ಲೆಕ್ಕ ಹಾಕಿ.

ಕೊನೆಗೆ ಕೈ. ಕುದುರೆ ಪಕ್ಕ ಮೀಟಿದರೆ ಗಡಸು, ಕತ್ತಿನ ಕಡೆ ಮೀಟಿದರೆ ಮೃದು. ಬೆರಳ ತುದಿಯೋ, ಮೆತ್ತನೆ ಭಾಗವೋ, ಸ್ವರವನ್ನು ಎಷ್ಟು ಹೊತ್ತು ಬಿಡುತ್ತೀರಿ, ಯಾವಾಗ ತಡೆಯುತ್ತೀರಿ... ಹಾಡು ಕೇಳುವವರು ನಿಜಕ್ಕೂ ಗುರುತಿಸುವುದು ಇದನ್ನೇ. 1981ರ 'ಗೀತಾ' ಚಿತ್ರದ ಹಾಡುಗಳನ್ನು ನಮ್ಮ ತಂಡಗಳು ಇವತ್ತಿಗೂ ನುಡಿಸುತ್ತವೆ. ಸಂಗೀತ ಇಳಯರಾಜರದ್ದು. ಅವರು ನಮ್ಮ ಜಿ.ಕೆ. ವೆಂಕಟೇಶ್ ಅವರ ಕೈಕೆಳಗೆ ಗಿಟಾರು ನುಡಿಸುತ್ತ ಬೆಳೆದವರು, ಈ ಗಡಿಯಲ್ಲಿ ಕೂತು ನೆನೆಯಲು ಖುಷಿಯಾಗುವ ಸಂಗತಿ. ಅವರ ಹಾಡುಗಳ ಬೇಸ್ ಅಂದರೆ ಹಾಡಿನ ಕೆಳಗೆ ಹರಿಯುವ ಇನ್ನೊಂದು ಹಾಡು. ಅದರ ಸ್ವರಗಳನ್ನು ಅರ್ಧ ತಪ್ಪು ನುಡಿಸಿ, ಗಿಟಾರು ಬದಲಾಯಿಸಿದರೆ ಸರಿಹೋಗುತ್ತೆ ಅನ್ನುವುದು ಯಾವ ಲೆಕ್ಕ?

ಕದ್ರಿ ಗೋಪಾಲನಾಥರನ್ನೇ ನೋಡಿ. ನಾಗಸ್ವರ ವಿದ್ವಾಂಸರ ಮಗ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದವರು. 2019ರಲ್ಲಿ ತೀರಿಕೊಳ್ಳುವವರೆಗೂ ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿದರು. ವಾದ್ಯಕ್ಕೆ ಕೆಲವು ಮಾರ್ಪಾಡು ಮಾಡಿಕೊಂಡರು, ನಿಜ. ಆದರೆ ಅವರು ಬೆನ್ನುಹತ್ತಿದ್ದು ನಾಗಸ್ವರದ ಗಮಕವನ್ನು, ಅದರ ಕಂಠವನ್ನಲ್ಲ. ಸ್ಯಾಕ್ಸೋಫೋನ್ ಸ್ಯಾಕ್ಸೋಫೋನಾಗಿಯೇ ಕೇಳಿಸಿತು, ರಾಗ ರಾಗವಾಗಿ ಬಂತು. ಅನುಕರಣೆ ಅಂದರೆ ನಾಚಿಕೆ ಪಡುವವರಿದ್ದಾರೆ, ನಾನು ಒಪ್ಪಲ್ಲ. ಅನುಕರಿಸದೆ ಯಾವ ಮಗುವೂ ಮಾತು ಕಲಿತಿಲ್ಲ. ಯಾವುದನ್ನು ಅನುಕರಿಸಬೇಕು ಅನ್ನುವುದೇ ಪ್ರಶ್ನೆ.

"ಅದೆಲ್ಲ ಯಾಕೆ ಸಾರ್, ಒಂದು ಬಾಕ್ಸು ತಗೊಂಡ್ರೆ ಎಲ್ಲಾ ಗಿಟಾರೂ ಅದ್ರಲ್ಲೇ ಇರುತ್ತೆ" ಅನ್ನುವವರೂ ಇದ್ದಾರೆ. ಇರುತ್ತೆ. 2000ದ ದಶಕದಲ್ಲೇ ಲೈನ್ 6 ಕಂಪನಿ ವೇರಿಯಾಕ್ಸ್ ಅನ್ನುವ ಬೇಸ್ ಗಿಟಾರು ತಂದು, ಒಂದೊಂದು ತಂತಿಯ ಕಂಪನವನ್ನೂ ಬೇರೆಯಾಗಿ ಹಿಡಿದು, ಲೆಕ್ಕ ಹಾಕಿ ಬೇರೆ ಬೇರೆ ಗಿಟಾರಿನ ದನಿ ಹೊರಡಿಸಿತು. ಅಷ್ಟು ದೂರ ಯಾಕೆ, ಬೆಂಗಳೂರಿನ ರಾಡೆಲ್‌ನ ಜಿ. ರಾಜ್ ನಾರಾಯಣ್, ಕೊಳಲು ನುಡಿಸುವ ಎಂಜಿನಿಯರು, 1970ರ ದಶಕದ ಕೊನೆಯಲ್ಲೇ ತಂಬೂರಿಯ ದನಿಯನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಇಳಿಸಿದರು. ತಂಬೂರಿ ಹೊತ್ತು ಬಸ್ಸು ಹತ್ತಲಾಗದ ಎಷ್ಟೋ ಹಾಡುಗಾರರಿಗೆ ಅದರಿಂದ ಉಪಕಾರ ಆಯಿತು. ಪೆಟ್ಟಿಗೆಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ತಂಬೂರಿ ಒಂದೇ ಸಮನೆ ನುಡಿಯುವ ವಾದ್ಯ, ಪೆಟ್ಟಿಗೆಗೆ ಸುಲಭದ ತುತ್ತು. ಬೇಸ್ ಹಾಗಲ್ಲ. ಜೊತೆಗೆ, ತಮ್ಮ ಗಿಟಾರಿನ ಮೂರು ತಿರುಪು ಏನು ಮಾಡುತ್ತವೆ ಅಂತ ತಿಳಿಯದವರಿಗೆ ಮುನ್ನೂರು ದನಿಯ ಪೆಟ್ಟಿಗೆ ಕೊಟ್ಟರೆ ಕಾರ್ಯಕ್ರಮದ ತನಕ ಅದನ್ನೇ ತಿರುವುತ್ತ ಕೂರುತ್ತಾರೆ.

ಎರಡನೇ ಗಿಟಾರು ಯಾರಿಗೂ ಬೇಡ ಅಂತಲ್ಲ. ಚೆನ್ನೈನಲ್ಲೋ ಬೆಂಗಳೂರಿನಲ್ಲೋ ರೆಕಾರ್ಡಿಂಗಿಗೆ ಹೋಗುವ ಮಟ್ಟಕ್ಕೆ ಬಂದವರು ಖಂಡಿತ ಕೊಳ್ಳಲಿ. ಅಲ್ಲಿ ಆ ಉಳಿದ ಕಾಲು ಪಾಲಿಗೂ ಬೆಲೆ ಇದೆ, ಗಿಟಾರು ತನ್ನ ದುಡ್ಡನ್ನು ತಾನೇ ದುಡಿಯುತ್ತೆ. ಜಾತ್ರೆಗೆ ಬರುವ ಸಂಭಾವನೆಯಲ್ಲಿ ಅಡವಿನ ಬಡ್ಡಿ ತೀರಲ್ಲ.

ಶಿಕ್ಷಕ ಮಿತ್ರರಿಗೆ ಒಂದು ಮಾತು. ಕನ್ನಡದಲ್ಲಿ ವಿಜ್ಞಾನ ಓದಿದರೆ ಏನು ಪ್ರಯೋಜನ ಅಂತ ನಮ್ಮ ಮಕ್ಕಳೂ ಕೇಳುತ್ತಾರೆ, ಪೋಷಕರೂ ಕೇಳುತ್ತಾರೆ. ಮೇಲೆ ಬರೆದದ್ದೆಲ್ಲ ಶಬ್ದದ ಪಾಠ, ವಿದ್ಯುಚ್ಛಕ್ತಿಯ ಪಾಠ. ಆವೃತ್ತಿ, ಕಂಪನ, ಸರಣಿ, ಸಮಾಂತರ ಎಲ್ಲ ನಾವು ಬೋರ್ಡಿನ ಮೇಲೆ ಬರೆಸುವ ಮಾತುಗಳೇ. ಶಬ್ದದ ಪಾಠದ ದಿನ ಊರಿನ ತಂಡದ ಒಬ್ಬ ಹಳೇ ವಿದ್ಯಾರ್ಥಿಯನ್ನು ಗಿಟಾರಿನ ಸಮೇತ ತರಗತಿಗೆ ಕರೆಸಿ. ತಂತಿಯನ್ನು ಸರಿ ಮಧ್ಯದಲ್ಲಿ ಮೀಟಿಸಿ, ಆಮೇಲೆ ಕುದುರೆ ಪಕ್ಕ ಮೀಟಿಸಿ, ವ್ಯತ್ಯಾಸ ಯಾಕೆ ಅಂತ ಮಕ್ಕಳನ್ನೇ ಕೇಳಿ. ಸ್ಪೀಕರು ಬೇಕೇಬೇಕು ಅಂತಿಲ್ಲ, ಗಿಟಾರಿನ ಮೈಯನ್ನು ಬೆಂಚಿಗೆ ಒತ್ತಿ ಹಿಡಿದು, ಬೆಂಚಿಗೆ ಕಿವಿಯಿಟ್ಟರೆ ಸಾಕು, ಚೆನ್ನಾಗಿ ಕೇಳಿಸುತ್ತೆ.