ಅದೇ ಮಾತ್ರೆ ಮುಂದುವರಿಸಿ

ರಕ್ತದೊತ್ತಡಕ್ಕೆ ಮದ್ದು ಸೇವಿಸುವ ಹಿರಿಯರು ಮನೆಯಲ್ಲಿದ್ದರೆ ಅವರ ಆಸ್ಪತ್ರೆಯ ಪುಸ್ತಕವನ್ನೊಮ್ಮೆ ಬಿಡಿಸಿ ನೋಡಿ. ಒಂದು ತಿಂಗಳು 160/100, ಮರುತಿಂಗಳು 156/98, ಅದರ ಮುಂದಿನ ತಿಂಗಳು ಪುನಃ 160. ಎದುರಿಗೆ ಬರೆದಿರುವುದು ಮಾತ್ರ ಒಂದೇ: ಅದೇ ಮಾತ್ರೆ ಮುಂದುವರಿಸಿ. ಇಂತಹ ಪುಸ್ತಕಗಳು ನಮ್ಮಲ್ಲಿ ಅಪರೂಪವಲ್ಲ.

ಒತ್ತಡ ಇಳಿದಿಲ್ಲವೆಂದು ತಿಳಿದ ಮೇಲೂ ಮದ್ದು ಹೆಚ್ಚಿಸದ ಈ ರೂಢಿಗೆ ಅಮೆರಿಕದ ವೈದ್ಯರು 2001ರಲ್ಲಿ ‘ಚಿಕಿತ್ಸಾ ಜಡತೆ’ ಎಂಬರ್ಥದ ಹೆಸರಿಟ್ಟರು. ಅಂದರೆ ಇದು ನಮ್ಮೂರಿನ ಪೀಡೆ ಮಾತ್ರವಲ್ಲ. ವೈದ್ಯರನ್ನು ಜರೆಯುವುದೂ ನಮ್ಮ ಉದ್ದೇಶವಲ್ಲ. ಬಸ್ಸಿಳಿದು ಗುಡ್ಡ ಹತ್ತಿ ಬಂದವರ ಒತ್ತಡ ಏರಿರುವುದು ಸಹಜ. ಐದು ನಿಮಿಷ ಕೂರಿಸಿ ಮತ್ತೊಮ್ಮೆ ಅಳೆಯೋಣವೆಂದರೆ ಬಾಗಿಲ ಹೊರಗೆ ಸಾಲು ಬೆಳೆದಿರುತ್ತದೆ. ‘ಉಪ್ಪು ಕಡಿಮೆ ಮಾಡಿ, ಮುಂದಿನ ತಿಂಗಳು ನೋಡೋಣ’ ಎಂದು ಕಳುಹಿಸುವುದು ಸುಲಭ. ಗಂಜಿಯ ಜತೆ ಉಪ್ಪಿನಕಾಯಿ, ಒಣಮೀನು ಬೇಕೆನ್ನುವ ನಮ್ಮವರಿಗೆ ಆ ಬುದ್ಧಿವಾದ ಅಗತ್ಯವೇ. ಆದರೆ ಮೂರು ತಿಂಗಳು ಅದನ್ನೇ ಹೇಳಿದರೆ ಚಿಕಿತ್ಸೆಯಾಗದು. ನೋವಿಲ್ಲದ ಕಾಯಿಲೆಯಾದ್ದರಿಂದ ರೋಗಿಯೂ ದೂರುವುದಿಲ್ಲ. ದೂರುವ ಹೊತ್ತಿಗೆ ಪಾರ್ಶ್ವವಾಯು ಬಡಿದಿರುತ್ತದೆ, ಇಲ್ಲವೆ ಮೂತ್ರಪಿಂಡ ಕೆಟ್ಟಿರುತ್ತದೆ.

ಕಾಸರಗೋಡಿಗೆ ಇನ್ನೊಂದು ತೊಡಕು ಉಂಟು. ತಜ್ಞರನ್ನು ಕಾಣಲು ಮಂಗಳೂರಿಗೆ ಹೋಗುವವರು ನಮ್ಮಲ್ಲಿ ಬಹಳ. ಅಲ್ಲಿಯವರು ಬರೆದ ಮದ್ದನ್ನು ಬದಲಿಸಲು ಇಲ್ಲಿಯವರಿಗೆ ಸಂಕೋಚ. ಅಲ್ಲಿಗೆ ಹೋಗುವುದೋ ವರ್ಷಕ್ಕೊಮ್ಮೆ. ನಡುವಿನ ತಿಂಗಳುಗಳಿಗೆ ಯಾರೂ ಹೊಣೆಯಲ್ಲ. ಮಾತ್ರೆ ದಿನವೂ ಸೇವಿಸುತ್ತೀರಾ ಎಂಬ ಪ್ರಶ್ನೆ ಮಲಯಾಳದಲ್ಲಿ ಬಂದರೆ, ತುಳು-ಕನ್ನಡ ಮಾತ್ರ ಬಲ್ಲ ಅಜ್ಜಿ ತಲೆಯಾಡಿಸಿ ಸುಮ್ಮನಾಗುತ್ತಾರೆ. ಅದನ್ನೇ ಹೌದೆಂದು ನಂಬಿ ಮದ್ದು ಹೆಚ್ಚಿಸುವುದೂ ಅಪಾಯವೇ.

ನಿಯಮವಿಲ್ಲವೆಂದಲ್ಲ. 2017ರ ಕೊನೆಯಲ್ಲಿ ಆರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಯೋಜನೆಯನ್ನು ಮೊದಲು ಕೈಗೊಂಡ ಐದು ರಾಜ್ಯಗಳಲ್ಲಿ ಕೇರಳವೂ ಒಂದು. ಯಾವ ಮಾತ್ರೆಯಿಂದ ಆರಂಭಿಸಬೇಕು, ತಿಂಗಳ ಬಳಿಕವೂ 140/90ಕ್ಕಿಂತ ಕೆಳಗಿಳಿಯದಿದ್ದರೆ ಮುಂದೇನು ಎಂಬುದನ್ನು ಅದು ಹಂತಹಂತವಾಗಿ ಹೇಳಿದೆ. ಚಿಕಿತ್ಸೆ ಆರಂಭಿಸಿದ ಮೇಲೆ ಒತ್ತಡ ಹತೋಟಿಗೆ ಬರುವ ತನಕ ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2021ರಲ್ಲಿ ಸೂಚಿಸಿತು. ಇವೆಲ್ಲ ಗೋಡೆಯ ಮೇಲಿನ ಪಟ್ಟಿಯಾಗಿ ಉಳಿಯಬಾರದು. ಒತ್ತಡ ಇಳಿಯದಿದ್ದರೂ ಮದ್ದು ಬದಲಿಸದಿದ್ದಲ್ಲಿ ಅದಕ್ಕೆ ಕಾರಣವನ್ನು ಪುಸ್ತಕದಲ್ಲಿ ಒಂದು ಸಾಲು ಬರೆಯುವಂತೆ ಜಿಲ್ಲಾ ವೈದ್ಯಾಧಿಕಾರಿಗಳು ಆದೇಶಿಸಬೇಕು. ಕನ್ನಡಿಗರು ಹೆಚ್ಚಿರುವ ಕಡೆಯ ಆರೋಗ್ಯ ಕೇಂದ್ರಗಳಲ್ಲಿ ಕನ್ನಡ ಬಲ್ಲ ದಾದಿಯೊಬ್ಬರು ಇರಲೇಬೇಕು. ರೋಗಿಗಳೂ ಬಾಯಿಬಿಟ್ಟು ಕೇಳಲಿ: ‘ಡಾಕ್ಟ್ರೇ, ಇಳಿಯಲಿಲ್ಲವಲ್ಲ, ಮದ್ದು ಬದಲಿಸುವುದಿಲ್ಲವೆ?’