ಬಾಗಿಲಿನೊಳಗಿನ ಹಾಳೆ



ಮನೆಯ ಹಳೆಯ ವಸ್ತುವೊಂದು ಕೆಟ್ಟಾಗ ಅದರ ವಯಸ್ಸನ್ನೇ ದೂರುವುದು ನಮಗೆಲ್ಲ ರೂಢಿಯಾಗಿದೆ. ಆದರೆ ದುರಸ್ತಿಗೆಂದು ಬಿಚ್ಚಿದ ಕೈ ಮರಳಿ ಜೋಡಿಸುವಾಗ ತೋರಿದ ಅಸಡ್ಡೆಯೇ ಅನೇಕ ವೇಳೆ ಅದನ್ನು ಕೆಡಿಸಿರುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ಕಾರಿನ ವಿಷಯದಲ್ಲಿ ಈ ಮಾತು ನಮಗೆ ಮನವರಿಕೆಯಾಯಿತು.

ಲಿಂಗೈಕ್ಯರಾದ ನಮ್ಮ ತೀರ್ಥರೂಪರು ನಿವೃತ್ತಿಯ ಹಣದಿಂದ 1997ರಲ್ಲಿ ಕೊಂಡ ಮಾರುತಿ 800 ಇಂದಿಗೂ ನಮ್ಮಲ್ಲಿದೆ. 1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದ ಆ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಮುಂದಿನ ಎಡ ಆಸನ ನಮ್ಮ ತಾಯಿಯವರದು. ಮಳೆ ಹಿಡಿದ ಕೆಲವು ದಿನಗಳಲ್ಲಿ ಅವರು ಕಾರಿನಿಂದಿಳಿದಾಗ ಸೀರೆಯ ಅಂಚು ನೆನೆದಿತ್ತು. ಕಾಲಡಿಯ ಮ್ಯಾಟನ್ನು ಎತ್ತಿ ನೋಡಿದರೆ ಕೆಳಗೆ ನೀರು ನಿಂತಿತ್ತು. ತಗಡಿಗೆ ಅಂಗೈಯಗಲದ ತುಕ್ಕು ಹಿಡಿದಿತ್ತು. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ತರುವಾಯ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ತಳವೇ ತೂತಾದರೆ ಆ ತಪಾಸಣೆಯಲ್ಲಿ ಗೆಲ್ಲುವುದೆಂತು? ಗುಜರಿಗೆ ಕೊಡುವುದೇ ಲೇಸೆಂದು ನಮ್ಮ ತಮ್ಮ ಹೇಳಿದ. ತಾಯಿಯವರು ಏನೂ ಹೇಳಲಿಲ್ಲ. ಆ ಮೌನವೇ ನಮ್ಮನ್ನು ಕಾರಣ ಹುಡುಕಲು ಹಚ್ಚಿತು.

ಬಾಗಿಲು ಮುಚ್ಚಿ, ಎಡಗಡೆಯ ಗಾಜಿನ ಮೇಲೆ ಹೊರಗಿನಿಂದ ಒಂದು ಬಕೆಟ್ ನೀರು ಸುರಿಸಿದೆವು. ಒಳಗೆ ಕುಳಿತ ನಮ್ಮ ಮಗ, ಡೋರ್ ಪ್ಯಾಡಿನ ಕೆಳ ಅಂಚಿನಿಂದ ನೀರು ತೊಟ್ಟಿಕ್ಕುವುದನ್ನು ತೋರಿಸಿದ. ಗಾಜಿನ ಬದಿಯ ರಬ್ಬರು ಎಲ್ಲ ನೀರನ್ನೂ ತಡೆಯಲಾರದು. ಒಂದಿಷ್ಟು ನೀರು ಬಾಗಿಲಿನ ಹೊಟ್ಟೆಯೊಳಗಿಳಿದು, ತಳದ ಸಣ್ಣ ರಂಧ್ರಗಳಿಂದ ಹೊರಹೋಗುವುದು ಸಹಜ. ಅದು ನಮ್ಮ ಕಡೆಗೆ ಬಾರದಂತೆ ಡೋರ್ ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿರುತ್ತಾರೆ.

ಮರುದಿನ ಬಿಸಿಲೇರಿದ ಮೇಲೆ ಕೆಲಸಕ್ಕೆ ಕುಳಿತೆವು. ಹಳೆಯ ಪ್ಲಾಸ್ಟಿಕ್ ಚಳಿಯಲ್ಲಿ ಬೇಗ ಮುರಿಯುತ್ತದೆ. ತುಸು ಬಿಸಿಯಾದರೆ ಬಾಗುತ್ತದೆ. ಗಾಜನ್ನು ಪೂರ್ತಿ ಏರಿಸಿ, ಅದನ್ನು ತಿರುಗಿಸುವ ಹಿಡಿಕೆ ಯಾವ ದಿಕ್ಕಿಗಿದೆಯೆಂದು ಬರೆದಿಟ್ಟುಕೊಂಡೆವು. ಆ ಹಿಡಿಕೆಯಲ್ಲಿ ಸ್ಕ್ರೂ ಕಾಣುವುದಿಲ್ಲ. ಅದನ್ನು ಹಿಂಬದಿಯ ಒಂದು ಸಣ್ಣ ತಂತಿಯ ಕ್ಲಿಪ್ ಹಿಡಿದಿರುತ್ತದೆ. ಹಿಡಿಕೆಗೂ ಪ್ಯಾಡಿಗೂ ನಡುವೆ ಬಟ್ಟೆಯ ಪಟ್ಟಿಯೊಂದನ್ನು ತೂರಿಸಿ ಅತ್ತಿತ್ತ ಎಳೆದರೆ ಕ್ಲಿಪ್ ಸಿಡಿದು ಬರುತ್ತದೆ. ಅಂಗೈ ಅಡ್ಡ ಹಿಡಿಯದಿದ್ದರೆ ಅದನ್ನು ಅಂಗಳವೆಲ್ಲ ಹುಡುಕಬೇಕಾದೀತು. ಬಾಗಿಲೆಳೆಯುವ ಹಿಡಿಯ ಸ್ಕ್ರೂಗಳನ್ನು ತೆಗೆದು, ಕ್ರಮ ತಪ್ಪದಂತೆ ಹಳೆಯ ಇಡ್ಲಿ ತಟ್ಟೆಯ ಕುಳಿಗಳಲ್ಲಿ ಇಟ್ಟೆವು. ಪ್ಯಾಡಿನ ಅಂಚಿನ ಕ್ಲಿಪ್‌ಗಳನ್ನು ಬಟ್ಟೆ ಸುತ್ತಿದ ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಎಬ್ಬಿಸಿದೆವು. ಕ್ಲಿಪ್ಪಿನ ಪಕ್ಕದಲ್ಲಿಯೇ ಮೀಟಬೇಕು. ದೂರದಿಂದ ಮೀಟಿದರೆ ಕ್ಲಿಪ್ ಅಲ್ಲಿಯೇ ಉಳಿದು, ತೇವದಿಂದ ಮೆತ್ತಗಾದ ಹಲಗೆ ಹರಿದು ಬರುತ್ತದೆ.

ಪ್ಯಾಡ್ ಕಳಚಿದಾಗ ಗುಟ್ಟು ರಟ್ಟಾಯಿತು. ಹಾಳೆ ಇರಲೇ ಇಲ್ಲ. ಅದರ ಅಂಟಿನ ಕಪ್ಪು ಗುರುತು ಮಾತ್ರ ಉಳಿದಿತ್ತು. ಹಿಂದಿನ ವರ್ಷ ಗಾಜು ಏರಿಸುವ ಯಂತ್ರದ ದುರಸ್ತಿಗೆಂದು ಒಂದು ಗ್ಯಾರೇಜಿಗೆ ಬಿಟ್ಟಿದ್ದಾಗ, ಅದನ್ನು ಹರಿದು ಬಿಸುಟು ಪ್ಯಾಡನ್ನು ಮಾತ್ರ ಒತ್ತಿ ಕೂರಿಸಿದ್ದರು. ಹೊರನೋಟಕ್ಕೆ ಕೊರತೆಯಿರಲಿಲ್ಲ, ನಾವೂ ವಿಚಾರಿಸದೆ ಹಣ ಕೊಟ್ಟು ಬಂದಿದ್ದೆವು.

ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅಳತೆಗೆ ಕತ್ತರಿಸಿ, ಹಿಡಿಕೆಗೆ ಬೇಕಾದಷ್ಟೇ ತೂತು ಮಾಡಿ, ಬ್ಯೂಟೈಲ್ ಟೇಪಿನಿಂದ ಸುತ್ತಲೂ ಅಂಟಿಸಿದೆವು. ಹಾಳೆಯ ಕೆಳ ಅಂಚನ್ನು ಬಾಗಿಲಿನ ಒಳಭಾಗಕ್ಕೆ ಮಡಚಿ ಇಳಿಬಿಡುವುದೇ ಇಲ್ಲಿಯ ಮುಖ್ಯ ಸೂಕ್ಷ್ಮ. ಹೊರಗೆ ಬಿಟ್ಟರೆ ಹಾಳೆಯ ಮೇಲೆ ಹರಿದ ನೀರೆಲ್ಲ ಮತ್ತೆ ಕಾಲಡಿಗೇ ಬರುತ್ತದೆ. ತಳದ ರಂಧ್ರಗಳ ಕೆಸರನ್ನು ಕಡ್ಡಿಯಿಂದ ಬಿಡಿಸಿದೆವು. ಮುರಿದ ಕ್ಲಿಪ್‌ಗಳ ಬದಲಿಗೆ ಹೊಸವನ್ನು ತಂದು, ಪ್ರತಿಯೊಂದನ್ನೂ ಅದರ ರಂಧ್ರಕ್ಕೆ ನೇರ ಹಿಡಿದು ಅಂಗೈಯಿಂದ ಒತ್ತಿದೆವು. ಹಿಡಿಕೆಗೆ ಕ್ಲಿಪ್ಪನ್ನು ಮೊದಲೇ ಸಿಕ್ಕಿಸಿ ಒತ್ತಿದರೆ ಅದು ತಾನಾಗಿ ಕೂರುತ್ತದೆ. ತಳದ ತುಕ್ಕನ್ನು ಉಜ್ಜಿ ನೋಡಿದಾಗ ತಗಡು ಇನ್ನೂ ಗಟ್ಟಿಯಿತ್ತು. ಚೆನ್ನಾಗಿ ಒಣಗಿಸಿ ಪ್ರೈಮರ್, ಬಣ್ಣ ಬಳಿದೆವು. ಇನ್ನೊಂದು ಮಳೆಗಾಲ ಕಳೆದಿದ್ದರೆ ಈ ಮಾತು ಹೇಳುವಂತಿರಲಿಲ್ಲ.

ಒಂದು ಎಚ್ಚರಿಕೆ. ಗಾಳಿಚೀಲಗಳಿರುವ ಇಂದಿನ ಕಾರುಗಳ ಒಳಹೊದಿಕೆಯನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಬಲ್ಲವರಿಗೇ ಬಿಡುವುದು ಕ್ಷೇಮ. ಆದರೆ ಯಾರೇ ಬಿಚ್ಚಲಿ, ವಾಹನವನ್ನು ಮರಳಿ ಪಡೆಯುವಾಗ "ಒಳಗಿನ ಹಾಳೆಯನ್ನು ಮತ್ತೆ ಹಾಕಿದಿರಾ?" ಎಂದು ಕೇಳಲು ಸಂಕೋಚಪಡಬಾರದು.

ಮುಂದಿನ ದೊಡ್ಡ ಮಳೆಯಲ್ಲಿ ತಾಯಿಯವರನ್ನು ಕರೆದುಕೊಂಡು ಬೀಗರ ಮನೆಗೆ ಹೋಗಿಬಂದೆವು. ಇಳಿದವರೇ ಅವರು ಬಾಗಿ ತಮ್ಮ ಸೀರೆಯ ಅಂಚನ್ನು ಮುಟ್ಟಿ ನೋಡಿಕೊಂಡರು. "ಒಣಗೇ ಐತಿ" ಎಂದು ಹೇಳಿ ಒಳಗೆ ನಡೆದರು.