ಮನೆಯಂಗಳದ ಟರ್ಬೋ ಇಂಜಿನ್: ಖರ್ಚು ಯಾರ ಖಾತೆಗೆ?

ಸೊಲ್ಲಾಪುರ–ವಿಜಯಪುರ–ಹುಬ್ಬಳ್ಳಿ ಮಾರ್ಗದ ರಾಷ್ಟ್ರೀಯ ಹೆದ್ದಾರಿ 52 ಕೊಲ್ಹಾರದ ಬಳಿ ಕೃಷ್ಣಾ ನದಿಯನ್ನು ದಾಟುತ್ತದೆ. ಆಲಮಟ್ಟಿಯ ಹಿನ್ನೀರಿನ ಕಾರಣದಿಂದ ಹಳೆಯ ನೆಲೆಯನ್ನು ಬಿಟ್ಟು ಹೊಸದಾಗಿ ಕಟ್ಟಿಕೊಂಡ ಈ ಊರು ಹೊರಗಿನವರಿಗೆ ಗಡಿಗೆ ಮೊಸರಿನಿಂದ ಪರಿಚಿತವಾದದ್ದು. ಆದರೆ ಹೆದ್ದಾರಿ ಹಾಯ್ದ ಊರಿನಲ್ಲಿ ಮೊಸರಿನ ಜೊತೆಗೆ ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಬಿಡಿಭಾಗಗಳ ಮಳಿಗೆಗಳೂ ಬೆಳೆಯುತ್ತವೆ. ಅವುಗಳ ನಡುವೆಯೇ ಬೆಳೆದ ವ್ಯಾಪಾರಸ್ಥರ ಮನೆಯ ತರುಣನೊಬ್ಬ ಹಳೆಯ ಪೆಟ್ರೋಲ್ ಕಾರೊಂದನ್ನು ಅಂಗಳಕ್ಕೆ ತಂದು, ಅದರ ಇಂಜಿನ್ ಇಳಿಸಿ, ಅದಕ್ಕೆ ಟರ್ಬೋಚಾರ್ಜರ್ ಕೂಡಿಸುತ್ತೇನೆಂದು ಹಟ ಹಿಡಿಯುವುದು ಈಗ ಬೆಂಗಳೂರಿನಂಥ ಮಹಾನಗರಗಳಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಮಗನ ಹಟಕ್ಕೆ ತಂದೆ ದುಡ್ಡು ಕೊಡುತ್ತಾನೆ. ಕೊಡುವಾಗ ಅದು ಒಂದು ಬಿಡಿಭಾಗದ ಬೆಲೆಯೆಂದು ಭಾವಿಸಿರುತ್ತಾನೆ. ಅಲ್ಲಿಂದಲೇ ಲೆಕ್ಕ ತಪ್ಪುತ್ತದೆ.

ಟರ್ಬೋಚಾರ್ಜರಿನ ತತ್ವ ಸರಳವಾದುದು. ಸೈಲೆನ್ಸರಿನ ಮೂಲಕ ವ್ಯರ್ಥವಾಗಿ ಹೊರಹೋಗುವ ಬಿಸಿ ಅನಿಲವು ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರವು ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಇದಕ್ಕೆ 1905ರಲ್ಲಿಯೇ ಪೇಟೆಂಟ್ ಪಡೆದಿದ್ದನು. ವಾತಾವರಣದ ಒತ್ತಡಕ್ಕಿಂತ ಅರ್ಧ ಬಾರ್ ಹೆಚ್ಚು ಒತ್ತಿದರೆ, ಅಷ್ಟೇ ಗಾತ್ರದ ಸಿಲಿಂಡರಿಗೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ಗಾಳಿ ಹೋಗುತ್ತದೆ. ಗಾಳಿ ಹೆಚ್ಚಾದಂತೆ ಪೆಟ್ರೋಲನ್ನೂ ಹೆಚ್ಚಿಸಬೇಕು, ಆಗ ಶಕ್ತಿಯೂ ಹೆಚ್ಚುತ್ತದೆ. ಇಷ್ಟನ್ನು ಕೇಳಿದ ಯಾವ ವ್ಯಾಪಾರಿಗೂ ಇದು ಬಿಟ್ಟಿ ಲಾಭವೆಂದೇ ತೋರುವುದು ಸಹಜ.

ಆದರೆ ಒತ್ತಿದ ಗಾಳಿ ಕಾಯುತ್ತದೆ. ವಿಜಯಪುರ ಜಿಲ್ಲೆಯ ಬೇಸಿಗೆಯಲ್ಲಿ 40 ಡಿಗ್ರಿಯಷ್ಟಿರುವ ಗಾಳಿ, ಅರ್ಧ ಬಾರ್ ಒತ್ತಿದ ಮೇಲೆ 90 ಡಿಗ್ರಿಯ ಆಸುಪಾಸಿಗೆ ಏರಬಲ್ಲದು. ಅದನ್ನು ತಣಿಸಲು ಇಂಟರ್‌ಕೂಲರ್ ಬೇಕು. ತಣಿಸದೆ ಹೋದರೆ ಪೆಟ್ರೋಲು ಸ್ಪಾರ್ಕ್ ಹಿಡಿಸಿದ ಮೇಲೆ ಕ್ರಮವಾಗಿ ಉರಿಯುವ ಬದಲು ತಾನಾಗಿ ಸಿಡಿಯುತ್ತದೆ. ಮೆಕ್ಯಾನಿಕರು ‘ನಾಕಿಂಗ್’ ಎನ್ನುವುದು ಇದನ್ನೇ. ಟರ್ಬೋ ಇಲ್ಲದೆ ಓಡಲೆಂದು ಕಂಪನಿ ತಯಾರಿಸಿದ ಪಿಸ್ಟನ್ನು ಈ ಪೆಟ್ಟನ್ನು ಬಹುಕಾಲ ತಾಳುವುದಿಲ್ಲ. ಟರ್ಬೋದ ದಂಡವು ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. ಅದು ನಿಂತಿರುವುದು ಎಣ್ಣೆಯ ತೆಳುಪೊರೆಯೊಂದರ ಮೇಲೆ. ಜೊತೆಗೆ ನಮ್ಮ ಸೀಮೆಯ ಎರೆಮಣ್ಣಿನ ಧೂಳು. ಸರಿಯಾದ ಫಿಲ್ಟರ್ ಇಲ್ಲದ ಕಡೆ ಆ ಧೂಳು ಒತ್ತುಚಕ್ರದ ಎಲೆಗಳನ್ನು ಉಪ್ಪುಕಾಗದದಂತೆ ಸವೆಸುತ್ತದೆ.

ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಓಲ್ಡ್ಸ್‌ಮೊಬೈಲ್ ವಿಭಾಗವು 1962ರಲ್ಲಿ ‘ಜೆಟ್‌ಫೈರ್’ ಎಂಬ ಟರ್ಬೋ ಕಾರನ್ನು ಮಾರುಕಟ್ಟೆಗೆ ತಂದಿತು. ನಾಕಿಂಗ್ ತಡೆಯಲು ಅದರಲ್ಲಿ ನೀರು ಹಾಗೂ ಮೆಥನಾಲ್ ಬೆರೆತ ದ್ರವದ ಪ್ರತ್ಯೇಕ ಟ್ಯಾಂಕನ್ನೇ ಇರಿಸಲಾಗಿತ್ತು. ಕೊಂಡವರಲ್ಲಿ ಅನೇಕರು ಅದನ್ನು ತುಂಬಿಸಲು ಮರೆತರು. ಎರಡೇ ವರ್ಷದಲ್ಲಿ ಕಾರಿನ ತಯಾರಿಕೆ ನಿಂತುಹೋಯಿತು. ಬಳಿಕ ಕಂಪನಿಯೇ ಮುಂದೆ ನಿಂತು ಅನೇಕ ಕಾರುಗಳಿಂದ ಟರ್ಬೋ ಕಳಚಿ ಸಾಧಾರಣ ಕಾರ್ಬ್ಯುರೇಟರ್ ಕೂಡಿಸಿಕೊಟ್ಟಿತು. ಪ್ರಯೋಗಶಾಲೆ, ಇಂಜಿನಿಯರುಗಳು, ಬಂಡವಾಳ ಎಲ್ಲವೂ ಇದ್ದವರ ಕಥೆ ಇದು.

ಇನ್ನು ಖರ್ಚಿನ ಮಾತು. ವಿಷಯ ತಿಳಿಯಲೆಂದು ಮಾತ್ರ ಊಹಿಸಿದ ಅಂಕಿಗಳನ್ನು ಇಟ್ಟು ನೋಡಬಹುದು. ಹಳೆಯ 1.3 ಲೀಟರಿನ ಕಾರು 80,000 ರೂಪಾಯಿ. ಗುಜರಿಯಿಂದ ತಂದ ಟರ್ಬೋ 25,000. ಮ್ಯಾನಿಫೋಲ್ಡ್ ಹಾಗೂ ಪೈಪುಗಳು 30,000, ಇಂಟರ್‌ಕೂಲರ್ 15,000, ಇಂಜೆಕ್ಟರ್ ಮತ್ತು ಪಂಪು 30,000. ಪೆಟ್ರೋಲಿನ ಪ್ರಮಾಣವನ್ನು ನಿಯಂತ್ರಿಸುವ ಇಲೆಕ್ಟ್ರಾನಿಕ್ ಪೆಟ್ಟಿಗೆ ಮತ್ತು ಅದನ್ನು ಹೊಂದಿಸುವ ಕೂಲಿ 1,00,000. ಗಟ್ಟಿ ಪಿಸ್ಟನ್, ಕನೆಕ್ಟಿಂಗ್ ರಾಡ್, ಗ್ಯಾಸ್ಕೆಟ್ 90,000. ಹೆಚ್ಚಿದ ಶಕ್ತಿಯನ್ನು ತಾಳುವ ಕ್ಲಚ್, ಬ್ರೇಕ್, ಟಯರು 70,000. ಕಾರಿನ ಬೆಲೆ ಬಿಟ್ಟು ಒಟ್ಟು 3,60,000 ರೂಪಾಯಿ. ಇದರಲ್ಲಿ ತಂದೆ ಕೊಡಲೊಪ್ಪಿದ ಟರ್ಬೋದ ಪಾಲು ಹದಿನಾಲ್ಕರಲ್ಲಿ ಒಂದಂಶಕ್ಕಿಂತ ಸ್ವಲ್ಪ ಕಡಿಮೆ. ಉಳಿದುದೆಲ್ಲ ಆ ಒಂದಂಶವು ಎಳೆದು ತಂದ ಖರ್ಚು. ಯಾವನಾದರೂ ಜಾಣ ಮೊದಲು ಬ್ರೇಕು, ಕ್ಲಚ್ಚಿನ ಲೆಕ್ಕ ಬರೆದು ಆಮೇಲೆ ಟರ್ಬೋ ಕೊಂಡನೆಂಬುದು ಅಪರೂಪದ ಸುದ್ದಿ. ಹಣ ಮುಗಿದಾಗ ಉಳಿಯುವ ಕೆಲಸ ಯಾವಾಗಲೂ ಬ್ರೇಕಿನದೇ ಆಗಿರುತ್ತದೆ. ಹೀಗಾಗಿ ಈ ಪ್ರಶ್ನೆ ಒಂದು ಮನೆಯ ಜಮಾ-ಖರ್ಚಿನ ಗಡಿ ದಾಟಿ, ಹೆದ್ದಾರಿಯಲ್ಲಿ ಎದುರಿನಿಂದ ಬರುವ ಸೈಕಲ್ ಸವಾರನವರೆಗೂ ಹೋಗುತ್ತದೆ.

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮಿಗೆ ಕಟ್ಟುನಿಟ್ಟಾದ ಅರ್ಥವನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಸೇರಿಸಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ‘ಸಿ.ಸಿ. ಬದಲಾಗಿಲ್ಲ, ಇಂಜಿನ್ ನಂಬರೂ ಅದೇ ಇದೆ’ ಎಂಬುದು ತರುಣರು ಸಾಮಾನ್ಯವಾಗಿ ಮುಂದಿಡುವ ವಾದ. ಆದರೆ ನೋಂದಣಿಯ ನಮೂನೆಯಲ್ಲಿ ಅಶ್ವಶಕ್ತಿಗೂ ಒಂದು ಅಂಕಣವಿದೆ. ಹೊಗೆಯ ಮಿತಿಯ ಪ್ರಶ್ನೆ ಅದಕ್ಕೂ ಮಿಗಿಲಾದುದು. ಮೇಲಾಗಿ ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಅವಧಿ. ಇಂಥ ಪ್ರಯೋಗಗಳಿಗೆ ಒಗ್ಗುವ ಮಾರುತಿ ಎಸ್ಟೀಮಿನ ತಯಾರಿಕೆ 2007ರಲ್ಲಿ ಮುಗಿದಿದ್ದು, ಅವುಗಳಲ್ಲಿ ಕೊನೆಯವೂ ಆ ಅವಧಿಯನ್ನು ದಾಟಿವೆ. ನವೀಕರಣಕ್ಕಾಗಿ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಅಧಿಕಾರಿಯ ಮುಂದೆ ಬಾನೆಟ್ ತೆರೆಯಲೇಬೇಕು.

ದಂಡಕ್ಕಿಂತ ಭಾರವಾದುದು ವಿಮೆ. ಮಾರ್ಪಾಟನ್ನು ತಿಳಿಸದೆ ಪಾಲಿಸಿ ಮಾಡಿಸಿದ ಕಾರಿಗೆ ಸ್ವಂತ ಹಾನಿಯ ಕ್ಲೇಮು ಸಿಗುವ ಭರವಸೆ ಇಟ್ಟುಕೊಳ್ಳಲಾಗದು. ಮೂರನೆಯ ವ್ಯಕ್ತಿಗೆ ಪೆಟ್ಟಾದರೆ, ಪಾಲಿಸಿಯ ಷರತ್ತು ಮುರಿದ ಪ್ರಕರಣಗಳಲ್ಲಿ ವಿಮಾ ಕಂಪನಿಯು ಮೊದಲು ಪರಿಹಾರ ಕೊಟ್ಟು ಆನಂತರ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲೆಂದು ನ್ಯಾಯಾಲಯಗಳು ಆದೇಶಿಸಿದ ನಿದರ್ಶನಗಳು ಬಹಳ ಇವೆ. ಆ ಮಾಲೀಕನು ಯಾರು? ಬಹಳಷ್ಟು ಸಂದರ್ಭಗಳಲ್ಲಿ ಕಾರು ತಂದೆಯ ಹೆಸರಿನಲ್ಲಿರುತ್ತದೆ, ಕೆಲವೊಮ್ಮೆ ಅಂಗಡಿಯ ಹೆಸರಿನಲ್ಲಿ. ಏಕವ್ಯಕ್ತಿ ಮಾಲೀಕತ್ವದ ಅಂಗಡಿಗೂ ಅದರ ಯಜಮಾನನಿಗೂ ಕಾನೂನಿನ ಕಣ್ಣಿನಲ್ಲಿ ಭೇದವಿಲ್ಲ. ಪಾಲುದಾರಿಕೆಯಾದರೆ ಸಂಸ್ಥೆಯ ಸಾಲಕ್ಕೆ ಪ್ರತಿ ಪಾಲುದಾರನ ಹೊಣೆಗೂ ಮಿತಿಯಿಲ್ಲ. ಕಾರನ್ನು ಎಂದೂ ಓಡಿಸದ ಕಾಕಾನ ಗೋದಾಮು ಕೂಡ ಆ ಹೊಣೆಯ ವ್ಯಾಪ್ತಿಯೊಳಗೆ ಬರುತ್ತದೆಂಬುದು ಮನೆಯಲ್ಲಿ ಎಷ್ಟು ಜನಕ್ಕೆ ತಿಳಿದಿರುತ್ತದೆ?

ಬಿಡಿಭಾಗಗಳ ಬಿಲ್ಲುಗಳನ್ನು ಅಂಗಡಿಯ ಜಿ.ಎಸ್.ಟಿ. ನಂಬರಿಗೆ ಬರೆಸುವ ರೂಢಿಯ ಬಗ್ಗೆಯೂ ಒಂದು ಮಾತು. ಸ್ವಂತ ಬಳಕೆಯ ಸರಕಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ; ಸಾಮಾನ್ಯ ವ್ಯಾಪಾರಿಯ ಪ್ರಯಾಣಿಕ ಕಾರಿನ ರಿಪೇರಿ ಹಾಗೂ ವಿಮೆಗೂ ಅದೇ ನಿಯಮ. ಆದಾಯ ತೆರಿಗೆಯಲ್ಲಿಯೂ ಮಗನ ಹವ್ಯಾಸವು ವ್ಯಾಪಾರದ ಖರ್ಚಾಗುವುದಿಲ್ಲ. ‘ವಾಹನ ದುರಸ್ತಿ’ ಎಂದು ಕಿರ್ದಿಯಲ್ಲಿ ಬರೆದ ಮಾತ್ರಕ್ಕೆ ಅದು ದುರಸ್ತಿಯಾಗದು. ಅದನ್ನು ಯಜಮಾನನ ಸ್ವಂತ ಖಾತೆಗೆ ಹಾಕಿ, ವರ್ಷದ ಕೊನೆಗೆ ಮೊತ್ತವನ್ನು ಕಣ್ಣಾರೆ ನೋಡುವುದೇ ಸರಿಯಾದ ಕ್ರಮ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಹುಡುಗನ ಕೈಯಿಂದ ಪಾನಾ ಕಸಿದುಕೊಂಡು ಗಲ್ಲೆಯ ಮೇಲೆ ಕೂರಿಸಬೇಕೆಂದಲ್ಲ. ಇಂಜಿನ್ ಬಿಚ್ಚಿ, ಅಳೆದು, ಮತ್ತೆ ಜೋಡಿಸಿ ಅದನ್ನು ಓಡಿಸಬಲ್ಲ ಕೈ ಒಂದು ಬಂಡವಾಳ. ಅದು ಯಾವ ಖಾತೆಗೆ ಹೋಗುತ್ತದೆಂಬುದೇ ಪ್ರಶ್ನೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಆರಂಭಿಸಿದ್ದು ಸೈಕಲ್ ಅಂಗಡಿಯನ್ನು. ಯಂತ್ರಗಳ ಮೇಲಿನ ಆ ಪ್ರೀತಿ ಮೇವು ಕತ್ತರಿಸುವ ಯಂತ್ರಕ್ಕೆ, ಕಬ್ಬಿಣದ ನೇಗಿಲಿಗೆ, 1910ರ ಹೊತ್ತಿಗೆ ಕಿರ್ಲೋಸ್ಕರವಾಡಿಗೆ ಕರೆದೊಯ್ದಿತು. ಅವರ ಕುಶಲತೆಗೆ ಎದುರಿನಲ್ಲಿ ಕೊಳ್ಳುವ ರೈತನಿದ್ದನು. ಕೊಯಮತ್ತೂರಿನ ಜವಳಿ ಉದ್ಯಮಿಗಳ ಮನೆತನದ ಎಸ್. ಕರಿವರ್ಧನ್ ಅವರ ದಾರಿ ಬೇರೆ, ಆದರೆ ಈ ವಿಷಯಕ್ಕೆ ಇನ್ನೂ ಹತ್ತಿರದ್ದು. ವೇಗದ ಹುಚ್ಚಿದ್ದ ಅವರು ಮಾರುತಿ 800ರ ಇಂಜಿನನ್ನು ಆಧಾರವಾಗಿಟ್ಟುಕೊಂಡು 1980ರ ದಶಕದ ಕೊನೆಯಲ್ಲಿ ‘ಫಾರ್ಮುಲಾ ಮಾರುತಿ’ ಎಂಬ ಅಗ್ಗದ ರೇಸು ಕಾರನ್ನು ರೂಪಿಸಿದರು. ಅದು ಓಡಿದ್ದು ರೇಸಿನ ಪಥದಲ್ಲಿ. ದೇಶದ ಅನೇಕ ಚಾಲಕರಿಗೆ ಅದೇ ಮೊದಲ ಪಾಠಶಾಲೆಯಾಯಿತು. 1995ರಲ್ಲಿ ಅವರು ತೀರಿಕೊಂಡರು. ಕೊಯಮತ್ತೂರಿನ ಬಳಿಯ ರೇಸಿನ ಪಥ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಆದ್ದರಿಂದ ವೇಗವೇ ಬೇಕೆನ್ನುವವನಿಗೆ ಪಥವಿದೆ. ಕಾರನ್ನು ಲಾರಿಯ ಮೇಲೆ ಸಾಗಿಸಿ, ಭಾರತೀಯ ಮೋಟಾರು ಕ್ರೀಡಾ ಒಕ್ಕೂಟದ ಪರವಾನಗಿ ಪಡೆದು, ಕೊಯಮತ್ತೂರು ಅಥವಾ ಚೆನ್ನೈ ಬಳಿಯ ಪಥದಲ್ಲಿ ಓಡಿಸಲಿ. ಬೀದಿಯಲ್ಲಿಯೇ ಟರ್ಬೋ ಬೇಕೆಂದರೆ, 2017ರಲ್ಲಿ ಬಂದ ಟಾಟಾ ನೆಕ್ಸಾನಿನಿಂದ ಹಿಡಿದು ಕಂಪನಿಯೇ ಟರ್ಬೋ ಪೆಟ್ರೋಲ್ ಇಂಜಿನ್ ಕೂಡಿಸಿ ಖಾತರಿಯೊಡನೆ ಮಾರಿದ ಕಾರುಗಳು ಹಳೆಯ ಕಾರುಗಳ ಪೇಟೆಯಲ್ಲಿಯೂ ದೊರೆಯುತ್ತವೆ.

ಕಾನೂನಿನಲ್ಲಿಯೂ ಒಂದು ಕೊರತೆಯಿದೆ ಎನ್ನದೆ ವಿಧಿಯಿಲ್ಲ. ಸಿ.ಎನ್.ಜಿ., ಎಲ್.ಪಿ.ಜಿ. ಅಥವಾ ಬ್ಯಾಟರಿಗೆ ಬದಲಾಯಿಸುವ ಕಿಟ್ಟುಗಳಿಗೆ ಪರೀಕ್ಷೆ ಮತ್ತು ಮಂಜೂರಾತಿಯ ದಾರಿಯಿದೆ, ಪುಣೆಯ ಎ.ಆರ್.ಎ.ಐ.ನಂಥ ಸಂಸ್ಥೆಗಳು ಆ ಕೆಲಸವನ್ನು ಮಾಡುತ್ತವೆ. ಶಕ್ತಿ ಹೆಚ್ಚಿಸುವ ಮಾರ್ಪಾಟಿಗೆ ಅಂಥ ಬಾಗಿಲು ಇಲ್ಲ. ಜರ್ಮನಿಯಲ್ಲಿ ಮಾರ್ಪಡಿಸಿದ ಒಂದೊಂದೇ ಕಾರನ್ನೂ ಅಧಿಕೃತ ತಜ್ಞನು ಪರೀಕ್ಷಿಸಿ, ಬ್ರೇಕು, ಹೊಗೆ, ಸದ್ದು ಎಲ್ಲವೂ ಸರಿಯಿದ್ದರೆ ದಾಖಲೆಯಲ್ಲಿ ನಮೂದಿಸುತ್ತಾನೆ. ನಮ್ಮ 52ನೆಯ ಕಲಮಿನಲ್ಲಿಯೂ, ನಿರ್ದಿಷ್ಟ ಉದ್ದೇಶಕ್ಕಾಗಿ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ 2000ದ ತಿದ್ದುಪಡಿಯಿಂದ ದೊರೆತಿದೆ. ವಾಣಿಜ್ಯೋದ್ಯಮ ಸಂಸ್ಥೆಗಳು ಪ್ರತಿವರ್ಷ ಸಲ್ಲಿಸುವ ಮನವಿಗಳಲ್ಲಿ ಇದಕ್ಕೊಂದು ಸಾಲು ಸೇರಿದರೆ ನಷ್ಟವಿಲ್ಲ. ಆದರೆ ಆ ಬಾಗಿಲು ತೆರೆಯುವವರೆಗೆ ಬೇರೆ ಕೆಲಸ ಕಣ್ಣೆದುರಿಗೇ ಇದೆ.

ಕೊಲ್ಹಾರದ ಸೇತುವೆಯ ಮೇಲೆ ಹಾಯುವ ಲಾರಿಗಳಿಗೆ, ಜೆಸಿಬಿಗಳಿಗೆ, ಬೋರ್‌ವೆಲ್ ಲಾರಿಗಳಿಗೆ ಟರ್ಬೋ ಕಂಪನಿಯಿಂದಲೇ ಬಂದಿರುತ್ತದೆ. ಭಾರ ಎಳೆದು ಬಂದ ಇಂಜಿನನ್ನು ಚಾಲಕ ಒಂದೆರಡು ನಿಮಿಷ ನಿಧಾನ ಓಡಲು ಬಿಡದೆ ತಟ್ಟನೆ ಬಂದ್ ಮಾಡುತ್ತಾನೆ. ಕಾದ ಬೇರಿಂಗಿನಲ್ಲಿ ಎಣ್ಣೆ ಸುಟ್ಟು ಕರಕಲಾಗುತ್ತದೆ. ಫಿಲ್ಟರ್ ಹರಿದು ಧೂಳು ಹೋಗುತ್ತದೆ, ಎಣ್ಣೆ ಬದಲಾಯಿಸುವುದು ತಡವಾಗುತ್ತದೆ. ಟರ್ಬೋ ಕೆಡಲು ಇಷ್ಟು ಸಾಕು. ಅದನ್ನು ಬಿಚ್ಚಿ, ತೊಳೆದು, ಒಳಗಿನ ದಂಡವನ್ನು ತೂಕ ಹೊಂದಿಸುವ ಯಂತ್ರದ ಮೇಲೆ ಸರಿಪಡಿಸಿ ಕೂಡಿಸುವ ಕೆಲಸ ಮನೆಯಂಗಳದ ಹವ್ಯಾಸಕ್ಕೆ ಬೇಕಾದ ವಿದ್ಯೆಯನ್ನೇ ಬೇಡುತ್ತದೆ, ಮತ್ತು ಅದಕ್ಕೆ ಗಿರಾಕಿ ಹಣ ಕೊಡುತ್ತಾನೆ. ಆ ಯಂತ್ರ ಒಬ್ಬ ಗ್ಯಾರೇಜಿನವನಿಗೆ ದುಬಾರಿಯೆನಿಸಬಹುದು. ಹತ್ತಾರು ಗ್ಯಾರೇಜುಗಳು ಕೂಡಿದರೆ, ಸಣ್ಣ ಉದ್ದಿಮೆಗಳ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಡಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಕೇಂದ್ರ ಸರ್ಕಾರದ ನೆರವು ಕೇಳಲು ಅವಕಾಶವಿದೆ. ಅಳತೆಯ ಶಿಸ್ತು ಕಲಿಯಲು ಕೂಡಲಸಂಗಮದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ನದಿಯಾಚೆಗೇ ಇದೆ.

ಅದೇ 3,60,000 ರೂಪಾಯಿಯನ್ನು ತಂದೆ ಮಗನ ಹೆಸರಿನ ಬಂಡವಾಳ ಖಾತೆಗೆ ಜಮಾ ಮಾಡಿ, ಉದ್ಯಮ್ ನೋಂದಣಿ ಮಾಡಿಸಿ, ಮೊದಲ ವರ್ಷದ ಜಮಾ-ಖರ್ಚನ್ನು ಅವನ ಕೈಯಿಂದಲೇ ಬರೆಸಲಿ. ಕಬ್ಬಿನ ಹಂಗಾಮು ಶುರುವಾಗುವುದಕ್ಕೆ ಎರಡು ತಿಂಗಳು ಮುಂಚೆ ಅಂಗಡಿ ತೆರೆದರೆ, ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಹೊರುವ ಲಾರಿಗಳ ಮಾಲೀಕರು ಹಳೆಯ ಟರ್ಬೋಗಳನ್ನು ಹೊತ್ತು ತಾವಾಗಿಯೇ ಬರುವ ಕಾಲ ಅದು.